ಮುಖದ ಕೆಳಗಿನ ಗುರುತು

“ಮಾರ್ಥಾ, ನಿನ್ನ ಗ್ವಾಡಿಗೆ ಬಡದಾರಲ್ಲ!” ಎಂದು ಸಕೀನಾ ತನ್ನ ಚಹದಂಗಡಿಯಿಂದಲೇ ಕೂಗಿದಾಗ ಮಾರ್ಥಾಳ ತಲೆಯ ಮೇಲೆ ಇನ್ನೂ ಬಿದಿರಿನ ಹೊರೆ ಇತ್ತು. ಹೊರೆ ಹೊತ್ತವರಿಗೆ ಬರೀ ಕುತ್ತಿಗೆ ಹೊರಳಿಸಿ ನೋಡುವ ಸುಖವಿಲ್ಲ. ನೋಡಬೇಕೆಂದರೆ ಇಡೀ ಮೈ ಹೊರಳಬೇಕು. ಮಾರ್ಥಾ ಇಡೀ ಮೈ ಹೊರಳಿಸಿ ನಿಂತಳು. ಅವಳ ಹಿಂದೆ ಸಾಲು ಹಿಡಿದು ಬರುತ್ತಿದ್ದ ಹೆಂಗಸರೂ ನಿಂತರು.

“ಏನಂದಿ?”

“ಸಾವಕಾರ್ರ ಆಫೀಸಿನ ಗ್ವಾಡಿಗೆ! ಕಟ್ಟು ಹಾಕಿಸಿ, ಗಾಜು ಹಾಕಿಸಿ ತೂಗಬಿಟ್ಟಾರ. ಯಾ ಅಲ್ಲಾ, ನಮ್ಮ ಮನ್ಯಾಗ ಮಕ್ಕಾದ ಚಿತ್ರಕ್ಕೂ ಅಂಥಾ ಗಾಜಿಲ್ಲ. ಹೋಗಿ ನೋಡು, ನಿನ್ನ ಮೋರೆ ನೀ ನೋಡಾಕ ಪುಕಟ ಬಿಡ್ತಾರ.”

ಕುಳಗಿಯ ಕಾಡಿನಿಂದ ದಾಂಡೇಲಿಯ ಡಿಪೋಕ್ಕೆ ಬಿದಿರು ಇಳಿಸುವ ಕೆಲಸ ಮಾರ್ಥಾಳ ಗ್ಯಾಂಗಿನದು. ಎಲ್ಲರೂ ಸಿದ್ದಿ ಹೆಂಗಸರು. ಕೆಲವರು ಇಗರ್ಜಿಗೆ ಹೋಗುವವರು, ಕೆಲವರು ಗುಡಿಗೆ, ಒಬ್ಬಿಬ್ಬರು ದರ್ಗಾಕ್ಕೆ. ಹೊರೆ ಏರಿದ ಮೇಲೆ ಮಾತ್ರ ಎಲ್ಲರ ದೇವರೂ ಒಂದೇ ಕಡೆ, ನೆತ್ತಿಯ ಮೇಲಿನ ಸಿಂಬಿಯಲ್ಲಿ. ಕಂತ್ರಾಟು ಹಿಡಿದವನು ಅಂದಾನೆಪ್ಪ ಸಾವಕಾರ. ಹಳಿಯಾಳದಲ್ಲಿ ಅವನ ದೊಡ್ಡ ಮನೆ, ಕಬ್ಬಿನ ಗದ್ದೆ. ಇಲ್ಲಿ ಡಿಪೋದ ಮಗ್ಗುಲಿಗೆ ಹಂಚು ಹೊದಿಸಿದ ಆಫೀಸು, ಅದರ ಮುಂದೆ ಪಡಸಾಲೆ.

ಗೋಡೆಗೇರಿದ ಆ ಚಿತ್ರದ ಕತೆ ಹಿಂದಿನ ಚಳಿಗಾಲದ್ದು. ಯುರೋಪಿನಲ್ಲಿ ಯುದ್ಧ ಇನ್ನೂ ಹೊತ್ತಿರಲಿಲ್ಲ. ಹೊತ್ತೀತು ಎಂದು ಮಂದಿ ಆಡಿಕೊಳ್ಳುತ್ತಿದ್ದ ಕಾಲ. ಹಾಲೆಂಡ್ ದೇಶದ ಒಬ್ಬ ಬಾಯಿ ಕುಳಗಿಯ ಬಂಗಲೆಗೆ ಬಂದು ಇಳಿದಳು. ಕೊರ್ನೇಲಿಯಾ ಎಂದು ಹೆಸರು. ಚಿತ್ರ ಬರೆಯುತ್ತಾಳಂತೆ, ಪುಸ್ತಕವನ್ನೂ ಬರೆಯುತ್ತಾಳಂತೆ. ಕಿವಿಯ ಮಟ್ಟಕ್ಕೆ ಕತ್ತರಿಸಿದ ಬಿಳಿಗೂದಲು, ಕಾಲಿಗೆ ಗಂಡಸರ ಬೂಟು. ಜೊತೆಗೊಬ್ಬ ಗೋವೆಯ ಅಡುಗೆಯವನು. ಅಂದಾನೆಪ್ಪ ಅವಳಿಗೆ ಗಾಡಿ ಕೊಟ್ಟ, ಹಾಲು ತುಪ್ಪ ಕಳಿಸಿದ. ಬಿಳಿಯರಿಗೆ ಮಾಡಿದ ಉಪಕಾರ ಎಂದಾದರೂ ಬಡ್ಡಿಯ ಸಮೇತ ಬರುತ್ತದೆ ಎಂಬುದು ಅವನ ನಂಬಿಕೆ.

ಬಾಯಿ ಹೊಳೆದಂಡೆಯಲ್ಲಿ ಮಾರ್ಥಾಳನ್ನು ಕಂಡಳು. ಅಡುಗೆಯವನ ಕೈಯಲ್ಲಿ ಕೊಂಕಣಿಯಲ್ಲಿ ಹೇಳಿಸಿದಳು: ಹೊರೆ ಇಳಿಸು, ಬಂಡೆಯ ಮೇಲೆ ಕೂಡು, ಕೊಯ್ತಾ ಕತ್ತಿ ಕೈಯಲ್ಲಿರಲಿ, ನೆಲ ನೋಡು.

“ನೆಲದಾಗ ಏನೈತಿ?” ಎಂದಳು ಮಾರ್ಥಾ.

“ಹಂಗಲ್ಲ, ದಣದಂಗ ಕಾಣಬೇಕಂತ. ಕಣ್ಣು ಕೆಳಗ ಹಾಕಂತಾಳ.”

“ದಣದೇನಿ ಅಂತ ಆಕೀಗೆ ಗೊತ್ತಾಗಾಕ ನಾ ಯಾಕ ಕಣ್ಣು ಕೆಳಗ ಹಾಕಲಿ? ಆಕಿ ನನ್ನ ನೋಡಾಕತ್ತಾಳ. ನಾನೂ ಆಕೀನ್ನ ನೋಡ್ತೇನಿ. ಬ್ಯಾಡಾಗಿದ್ರ ಆಕೀನ ಬೇಕಾರ ನೆಲ ನೋಡಲಿ.”

ಅಡುಗೆಯವನು ಇದನ್ನು ಎಷ್ಟು ಸಕ್ಕರೆ ಹಚ್ಚಿ ಹೇಳಿದನೋ, ಬಾಯಿ ಮಾತ್ರ ಹೋ ಎಂದು ನಕ್ಕು, ಹಿಡಿದಿದ್ದ ಹಾಳೆ ಹರಿದು ಹಾಕಿ, ಹೊಸ ಹಾಳೆ ತೆಗೆದಳು. ಕಾಡಿಗೆಗೆ ಮೇಣ ಕಲಸಿದಂಥ ಕರೀ ಕಡ್ಡಿಯಿಂದ ಬರೆದಳು. ಊರಿಗೆ ಹೋದ ಮೇಲೆ ಇದನ್ನೇ ನೋಡಿಕೊಂಡು ಸಪಾಟಾದ ಕಲ್ಲಿನ ಮೇಲೆ ಬರೆಯುತ್ತೇನೆ, ಕಲ್ಲಿಗೆ ಮಸಿ ಬಳಿದು ಕಾಗದ ಒತ್ತಿದರೆ ಒಂದೇ ಮುಖ ಎಷ್ಟೋ ಕಾಗದಕ್ಕೆ ಇಳಿಯುತ್ತದೆ ಎಂದು ಹೇಳಿಸಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. “ಮಾರ್ಥಕ್ಕನ್ನ ಕಲ್ಲಿಗೆ ಹಾಕಿ ಅರೀತಾರಂತ! ಚಟ್ನಿ ಖಾರ ಆಕ್ಕೈತಿ, ತಡಕೊಳ್ಳಾಕ ಹೇಳ್ರಿ.” ಒಂದು ಕಾಗದ ನಿನಗೂ ಕಳಿಸುತ್ತೇನೆ ಎಂದೂ ಬಾಯಿ ಹೇಳಿದ್ದಳು. ಹೋಗುವವರು ಹೇಳುವ ಮಾತು ಎಂದು ಮಾರ್ಥಾ ಅಂದೇ ಮರೆತಿದ್ದಳು.

ಈಗ ಬಂದಿತ್ತು, ಸಾವಕಾರನ ಹೆಸರಿಗೆ, ತಗಡಿನ ಕೊಳವೆಯಲ್ಲಿ ಸುತ್ತಿಕೊಂಡು, ಕಟ್ಟಿಗೆ ಸಾಗಿಸುವ ರೈಲಿನಲ್ಲಿ.

ಹೊರೆ ಇಳಿಸಿ ಹೆಂಗಸರೆಲ್ಲ ಪಡಸಾಲೆಯ ಕೆಳಗೆ ನೆರೆದರು. ಬಾಗಿಲಿನಿಂದ ಒಳಗೆ ಕಾಣುವಂತೆ ಎದುರು ಗೋಡೆಯಲ್ಲೇ ಇತ್ತು. ಕಪ್ಪು ಬಿಳುಪಿನ ಚಿತ್ರ. ಹೊಳೆಯಿಲ್ಲ, ಬಂಡೆಯ ಗುರುತು ಚೂರು, ಉಳಿದದ್ದೆಲ್ಲ ಮಾರ್ಥಾ. ಗುಂಗುರು ಕೂದಲಿಗೆ ಸುತ್ತಿದ ವಸ್ತ್ರ, ಮೊಣಕಾಲ ಮೇಲೆ ಬಿದಿರು ಕಡಿಯುವ ಕೊಯ್ತಾ, ಬಂದವರನ್ನು ನೆಟ್ಟಗೆ ನೋಡುವ ಕಣ್ಣು. ಆಫೀಸಿನ ಗುಮಾಸ್ತ ಎರಡು ದಿನ ಆ ಕಣ್ಣಿಗೆ ಬೆನ್ನು ಮಾಡಿ ಕೂತು, ಬೆನ್ನು ಉರಿಯುತ್ತದೆ ಎಂದು ಮೇಜನ್ನೇ ಆಚೆ ಸರಿಸಿದ್ದನಂತೆ.

“ಏ ಮಾರ್ಥಕ್ಕಾ, ನೀ ಯಾವಾಗ ಎಡಚಿ ಆದಿ?” ಎಂದಳು ಒಬ್ಬಳು. ನಿಜವೇ. ಬಲಗೈಯಲ್ಲಿದ್ದ ಕೊಯ್ತಾ ಎಡಗೈಗೆ ಹೋಗಿತ್ತು. ಎಡಹುಬ್ಬಿನ ಗಾಯದ ಕಲೆ ಬಲಹುಬ್ಬಿಗೆ ಹಾರಿತ್ತು. ಕಲ್ಲಚ್ಚಿನಲ್ಲಿ ಎಡ ಬಲ ಅದಲುಬದಲಾಗುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಮಾರ್ಥಾಳಿಗೆ ಮೊದಲು ಬಂದದ್ದು ನಗು. ಆಮೇಲೆ ಎದೆಯಲ್ಲಿ ಏನೋ ಒಂದು ಸಣ್ಣ ಬಿಸುಪು. ತಗಡಿನ ಡಬ್ಬಿಯ ತಳದಲ್ಲಿ, ಹೊಳೆಯ ನೀರಿನಲ್ಲಿ ಬಿಟ್ಟರೆ ತನ್ನ ಮುಖವನ್ನು ಅವಳು ಹೀಗೆ ನಿಂತು ನೋಡಿದ್ದೇ ಇಲ್ಲ. ಇಷ್ಟು ದಣಿದಿದ್ದರೂ ಇಷ್ಟು ನೆಟ್ಟಗೆ ಕೂತಿದ್ದೆನೇ ಎಂದುಕೊಂಡಳು. ಅಷ್ಟರಲ್ಲಿ ಕಣ್ಣು ಕೆಳಗಿಳಿಯಿತು. ಚಿತ್ರದ ಬಲಗಡೆಯ ಕೆಳ ಮೂಲೆಯಲ್ಲಿ, ಮಸಿಯಿಂದಲ್ಲ, ಪೆನ್ಸಿಲಿನಿಂದ, ಗಂಟು ಗಂಟಾಗಿ ಓರೆಯಾಗಿ, ದೂರದಿಂದಲೂ ಕಾಣುವಷ್ಟು ದಪ್ಪಗೆ ಎಳೆದ ಒಂದು ಗುರುತು.

ಅದು ಕೊರ್ನೇಲಿಯಾ ಬಾಯಿಯ ಸಹಿ. ಚಿತ್ರ ಬರೆದವರು ತಮ್ಮ ಕೈಯಾರೆ ಹಾಗೆ ಹೆಸರು ಹಾಕುವುದು ಅವರ ಕಡೆಯ ವಾಡಿಕೆ. ಆದರೆ ಡಿಪೋದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ವಸ್ತುವಿನ ತುದಿಯಲ್ಲಿ ಗುರುತು ಎಂದರೆ ಒಂದೇ ಅರ್ಥ. ಕಾಡಿನಿಂದ ಬಂದ ಪ್ರತಿ ಮರದ ತುಂಡಿನ ತಲೆಗೂ ಛಾಪಾ ಸುತ್ತಿಗೆಯಿಂದ ಹೊಡೆಯುತ್ತಾರೆ. ಕಬ್ಬಿಣದ ಸುತ್ತಿಗೆ, ಅದರ ಮುಖದಲ್ಲಿ ಒಡೆಯನ ಗುರುತು. ಒಂದು ಏಟು ಬಿತ್ತೆಂದರೆ ಆ ತುಂಡು ಯಾರದೆಂದು ತೀರ್ಮಾನವಾಯಿತು; ಹೊಳೆಯಲ್ಲಿ ತೇಲಿ ಹೋಗಲಿ, ಇನ್ನೊಬ್ಬರ ಹಿತ್ತಲಲ್ಲಿ ಸಿಗಲಿ, ಅದು ಛಾಪಾದವನದು. ಅಂದಾನೆಪ್ಪನ ಛಾಪಾ ಹೊಡೆಯುವವನು ಬೇರೆ ಯಾರೂ ಅಲ್ಲ, ಮಾರ್ಥಾಳ ಗಂಡ ಜಾನು.

“ಜಾನೂ, ಇಲ್ಲಿ ಬಾ. ಇದೇನು ನೋಡು.”

ಜಾನು ಸುತ್ತಿಗೆ ಹಿಡಿದೇ ಬಂದ. ನೋಡಿದ. ಸುತ್ತಿಗೆಯನ್ನು ಬೆನ್ನ ಹಿಂದೆ ಮಾಡಿದ.

“ಛಾಪಾ,” ಎಂದ.

ನಗುತ್ತಿದ್ದ ಹೆಂಗಸರು ಪಡಸಾಲೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಮಾರ್ಥಾಳ ಅಜ್ಜಿಗೆ ಹೆಗಲ ಹಿಂದೆ ಸುಟ್ಟ ಗುರುತಿತ್ತು. ಅವಳನ್ನು ಕೂಸಿದ್ದಾಗ ಗೋವೆಯ ಕಡೆಯಿಂದ ಗುಲಾಮಳಾಗಿ ತಂದವರು ಹಾಕಿದ್ದು. ಸಾಯುವ ತನಕ ಅಜ್ಜಿ ಕುಬಸ ಕಳಚದೆಯೇ ಮಿಂದಳು. ಸಿದ್ದಿಗಳ ಕೇರಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಂದಾನೆಪ್ಪ ಒಳಗಿನಿಂದ ಎದ್ದು ಬಂದ. “ಏನು, ಎಲ್ಲಾರೂ ತಮ್ಮ ತಮ್ಮ ಮೋರೆ ಹುಡಕಾಕತ್ತೀರೇನು?” ಎಂದು ನಗೆಯಾಡಿದ.

“ಸಾವಕಾರ್ರ, ಇದು ಯಾರ ಛಾಪಾ?” ಎಂದಳು ಮಾರ್ಥಾ.

ಅಂದಾನೆಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಜಾನುವಿನ ಮುಖ ನೋಡಿದ, ಹೆಂಗಸರ ಮುಖ ನೋಡಿದ, ಅರ್ಥವಾಯಿತು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಹೇಳಿಬಿಡುತ್ತಿದ್ದರು. ಆದರೆ ಅವನ ಮನಸ್ಸಿನಲ್ಲಿ ಬೇರೆಯದೇ ಒಂದು ಲೆಕ್ಕ ಓಡುತ್ತಿತ್ತು. ಹಳಿಯಾಳದ ಮನೆಯಲ್ಲಿ ಸೊಸೆ ಹಡೆದಿದ್ದಳು. ಕೂಸಾಡಿಸಲು ಒಂದು ಹುಡುಗಿ ಬೇಕು ಎಂದು ಹೆಂಡತಿ ಜೀವ ತಿನ್ನುತ್ತಿದ್ದಳು. ಮಾರ್ಥಾಳ ಮಗಳು ಮರಿಯಾಳನ್ನು ಕಳಿಸು ಎಂದು ಅವನು ಎಷ್ಟೋ ಸಲ ಕೇಳಿದ್ದ. ಮಾರ್ಥಾ ಒಮ್ಮೆ ಜ್ವರ ಎಂದಿದ್ದಳು, ಒಮ್ಮೆ ಇಗರ್ಜಿಯ ಹಬ್ಬ, ಫೆಸ್ತ್ ಎಂದಿದ್ದಳು, ಒಮ್ಮೆ ಕೇಳಿಸದವಳಂತೆ ಹೊರೆ ಎತ್ತಿಕೊಂಡು ಹೋಗಿದ್ದಳು.

“ನಂದ ಮತ್ತ. ನಾನ ಹೇಳಿ ಹಾಕಿಸೇನಿ,” ಎಂದ ಅಂದಾನೆಪ್ಪ, ಮೀಸೆ ತಿರುವಿಕೊಳ್ಳುತ್ತ. “ಯುಗಾದಿ ಆದ ಮ್ಯಾಲ ಮರಿಯಾನ್ನ ಹಳಿಯಾಳಕ್ಕ ಕಳಸು. ಛಾಪಾ ಬಿದ್ದ ಮರದ ಟೊಂಗಿ ಯಾರದು? ಛಾಪಾ ಯಾರದೋ ಅವರದು. ಜಾನೂ, ನಾ ಹೇಳೂದು ಖರೇ ಹೌದಲ್ಲೋ?”

ಜಾನು ಬೆನ್ನ ಹಿಂದಿನ ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಿಸಿದ.

ಕೂಸಾಡಿಸುವುದೆಂದರೇನು ಎಂಬುದು ಮಾರ್ಥಾಳಿಗೆ ಗೊತ್ತಿತ್ತು. ಅಂಥ ಮನೆಗಳಿಗೆ ಕೂಸಾಡಿಸಲು ಹೋದ ಸಿದ್ದಿ ಹುಡುಗಿಯರು ಆ ಕೂಸಿನ ಕೂಸನ್ನೂ ಆಡಿಸಿ, ಹಲ್ಲು ಉದುರಿ, ದನದ ಕೊಟ್ಟಿಗೆಯಲ್ಲಿ ಕಣ್ಣು ಮುಚ್ಚಿದ ದಿನವೇ ಅವರ ಕೆಲಸ ಮುಗಿಯುತ್ತಿದ್ದದ್ದು. ಅದಕ್ಕೇ ಅವಳು ಬೇರೆ ಹಾದಿ ಹುಡುಕಿಟ್ಟಿದ್ದಳು. ಸಕೀನಾಳ ಅಣ್ಣ ಅಮೀರಸಾಬ ಸೂಪಾದ ಕಡೆ ರಸ್ತೆ ಕೆಲಸದ ಆಳುಗಳನ್ನು ನಡೆಸುವ ಮುಕಾದಮ. ಕಲ್ಲು ಹೊರಲು ಗಟ್ಟಿ ಗ್ಯಾಂಗು ಬೇಕು, ಮಕ್ಕಳನ್ನೂ ಕರೆತರಬಹುದು, ಡಿಪೋದ ಲಿಲಾವು, ಅಂದರೆ ಕಟ್ಟಿಗೆಯ ಹರಾಜು, ಮುಗಿದ ದಿನ ಲಾರಿ ತರುತ್ತೇನೆ ಎಂದು ಮಾತಾಗಿತ್ತು. ಹೆಂಗಸರು ಗಡಿಗೆ ಮಡಿಕೆ ಕಟ್ಟಲು ಶುರು ಮಾಡಿದ್ದರು.

ಆದರೆ ದಾಂಡೇಲಿಯಲ್ಲಿ ಸುದ್ದಿ ಹೊಳೆಯ ನೀರಿಗಿಂತ ಜೋರು. ಮರುದಿನ ಅಮೀರಸಾಬ ಚಹದಂಗಡಿಯ ಬೆಂಚಿನ ಮೇಲೆ ಕೂತು ಗಡ್ಡ ನೀವಿಕೊಳ್ಳುತ್ತಿದ್ದ.

“ತಂಗೀ, ತಪ್ಪು ತಿಳೀಬ್ಯಾಡ. ನಾ ಅಂದಾನೆಪ್ಪನ್ನ ಕೇಳಿದೆ. ಛಾಪಾ ನಂದು ಅಂತ ಬಾಯಿಬಿಟ್ಟು ಹೇಳಿದ. ನನ್ನ ಅಂಗಳದಾಗ ಇವತ್ತಿನವರೆಗೂ ಮಂದಿ ಛಾಪಾದ ಒಂದು ತುಂಡು ಬಿದ್ದಿಲ್ಲ.”

“ನಾ ತುಂಡೇನ್ರೀ?”

“ತುಂಡಲ್ಲ. ಆದ್ರ ಗುರುತು ಅಂದ್ರ ಗುರುತ ಅಲ್ಲೇನು? ನಾಳೆ ಆತ ಎಲ್ಲಾ ಕಂತ್ರಾಟುದಾರ್ರ ಮುಂದ ನನ್ನ ಕಳ್ಳ ಅಂದ್ರ?”

ಸಕೀನಾ ಕೆಟಲ್ಲನ್ನು ಒಲೆಯ ಮೇಲೆ ಕುಕ್ಕಿದಳು. “ಭಾಯಿಜಾನ್, ಗಡ್ಡ ಬಿಟ್ಟದ್ದು ಗಾಳಿಗೆ ಹಾರಸಾಕೇನು? ಮನಶ್ಯಾರಿಗೆ ಯಾವಾಗಿಂದ ಛಾಪಾ ಹೊಡ್ಯಾಕ ಹತ್ಯಾರ?”

“ಮೊದಲಿಂದ ಹೊಡೀತಾರ,” ಎಂದಳು ಮಾರ್ಥಾ. “ನಿನಗ ಗೊತ್ತಿಲ್ಲ, ನನಗ ಗೊತ್ತೈತಿ. ಅಮೀರಸಾಬ್ರ, ಛಾಪಾ ಇಲ್ಲದಂಗ ಆದ್ರ ಕರಕೊಂಡು ಹೋಗ್ತೀರೋ?”

“ಇಲ್ಲದಂಗ ಹೆಂಗ ಆಕ್ಕೈತಿ?”

“ಅದು ನನ್ನ ಕೆಲಸ. ನೀವು ಲಾರಿ ತರ್ರಿ.”

ಅಂದು ಸಂಜೆ ಗುಡಿಸಿಲ ಮುಂದೆ ಮಾರ್ಥಾ ಅಂಬಲಿ ಕುದಿಸುತ್ತಿದ್ದಳು. ಮರಿಯಾ ಒಲೆಗೆ ಬಿದಿರಿನ ಸೀಳು ಒಡ್ಡುತ್ತ, “ಅವ್ವಾ, ಹಳಿಯಾಳದಾಗ ಬೆಲ್ಲ ಬೇಕಾದಷ್ಟು ಇರತೈತಂತಲ್ಲ?” ಎಂದಳು.

“ಇರತೈತಿ. ಬೆಲ್ಲದ ಗಾಣಕ್ಕ ಎತ್ತೂ ಇರತಾವ. ಅವಕ್ಕೆಷ್ಟು ಬೆಲ್ಲ ಕೊಡ್ತಾರಂತ ಕೇಳು.”

ಮರಿಯಾ ಸ್ವಲ್ಪ ಯೋಚಿಸಿ, “ನಾ ಹೋಗೂದಿಲ್ಲ ಹಂಗಾರ,” ಎಂದಳು.

ಜಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳ್ಳೆಯವನು, ಕುಡಿದರೂ ಕೈ ಎತ್ತಿದವನಲ್ಲ. ಆದರೆ ವರ್ಷಗಟ್ಟಲೆ ಒಂದೇ ಸುತ್ತಿಗೆ ಎತ್ತಿ ಎತ್ತಿ ಆ ಸುತ್ತಿಗೆ ಹೇಳಿದ್ದನ್ನೇ ನಂಬುವವನಾಗಿದ್ದ.

“ಛಾಪಾ ಬಿದ್ದ ಮ್ಯಾಲ ಹೋಗೂದಿಲ್ಲ, ಮಾರ್ಥಾ. ನಾ ಹೊಡದವ, ನನಗ ಗೊತ್ತು. ಉಜ್ಜು, ತೊಳಿ, ಬಿಸಲಿಗೆ ಹಾಕು, ಹೋಗೂದಿಲ್ಲ.”

“ಕಳ್ಳರು ಏನ ಮಾಡ್ತಾರ?”

“ಯಾವ ಕಳ್ಳರು?”

“ಕಟ್ಟಿಗಿ ಕಳ್ಳರು. ಛಾಪಾ ಬಿದ್ದ ತುಂಡು ಒಯ್ಯಬೇಕಂದ್ರ?”

ಜಾನು ತಲೆ ಕೆರೆದುಕೊಂಡ. ಹೇಳಬಾರದ್ದನ್ನು ಹೇಳುವವನಂತೆ ದನಿ ತಗ್ಗಿಸಿದ. “ತಲಿ ಕೊಯ್ತಾರ. ತುದೀದು ಗುಂಡನ್ನ ಬಿಲ್ಲಿ ಹಂಗ ಒಂದು ತುಣುಕು ಕೊಯ್ದು ಹೊಳ್ಯಾಗ ಒಗೀತಾರ. ಛಾಪಾ ಅದರ ಜೋಡಿ ಹೋಕ್ಕೈತಿ.”

“ಹಂಗಾರ ಕೊಯ್ಯೂಣು.”

“ಏ ಹುಚ್ಚೀ! ಅದು ಕಳುವು!”

“ಯಾರ ಮೋರೆ ಅದು?” ಎಂದಳು ಮಾರ್ಥಾ, ಅಂಬಲಿ ತಿರುವುತ್ತ. “ನಮ್ಮಜ್ಜಿಗೆ ಬೆನ್ನ ಹಿಂದ ಇತ್ತು, ಕೈ ಮುಟ್ಟತಿರಲಿಲ್ಲ. ನಂದು ಕೈಗೆ ಸಿಗುವಲ್ಲೇ ಐತಿ. ಆಕೀ ಸಲುವಾಗಿನೂ ನಾನ ಕೊಯ್ತೇನಿ.”

“ಸಾವಕಾರ ನನ್ನ ಕೆಲಸ ತಗೀತಾನ.”

“ತಗೀಲಿ. ಇಲ್ಲಾ, ಮಗಳನ್ನ ತಗೀಲಿ. ಎರಡರಾಗ ಒಂದು ನೀನ ಆರಸು.”

ಜಾನು ಅಂಬಲಿ ಮುಟ್ಟಲಿಲ್ಲ.

ಲಿಲಾವಿನ ದಿನ ಡಿಪೋ ಎಂದರೆ ಜಾತ್ರೆ ತಪ್ಪಿ ಇಲ್ಲಿಗೆ ಬಂದಂತೆ. ಹುಬ್ಬಳ್ಳಿಯವರು, ಬೆಳಗಾವಿಯವರು, ಟೊಪ್ಪಿಗೆಯವರು, ರುಮಾಲಿನವರು. ಅಂದಾನೆಪ್ಪನ ಕಣ್ಣು ಮಾತ್ರ ಬೆಳಗಾವಿಯ ಒಬ್ಬ ವ್ಯಾಪಾರಿಯ ಮೇಲೆ. ದಪ್ಪ ಕನ್ನಡಕದ ಆ ಮನುಷ್ಯನಿಗೆ ಚಿತ್ರ ಕೂಡಿಡುವ ಹುಚ್ಚು. ಗೋಡೆಯ ಮೇಲಿದ್ದದ್ದನ್ನು ನೋಡಿ ಅವನಿಗೆ ಬಾಯಲ್ಲಿ ನೀರೂರಿತ್ತು. ಚಿತ್ರ ಕೊಟ್ಟರೆ ಈ ಹಂಗಾಮಿನ ಸಾಗುವಾನಿಯನ್ನೆಲ್ಲ ತಾನೇ ಎತ್ತುತ್ತೇನೆ ಎಂದಿದ್ದ. ಅಂದಾನೆಪ್ಪ ಒಂದು ಕಾಗದಕ್ಕೆ ಒಂದು ಕಾಡು ಮಾರಿದಷ್ಟು ಖುಷಿಯಲ್ಲಿದ್ದ.

ಹೊರೆಯವರು ಲಿಲಾವಿನ ದಿನ ಪಡಸಾಲೆ ಏರುವ ಪದ್ಧತಿ ಇರಲಿಲ್ಲ. ಮಾರ್ಥಾ ಏರಿದಳು. ಅವಳ ಹಿಂದೆ ಗ್ಯಾಂಗಿನ ಹೆಂಗಸರು ಮೆಟ್ಟಿಲಿನಿಂದಾಚೆ ಅಂಗಳದಲ್ಲಿ ನಿಂತರು. ಸಕೀನಾ ಚಹದ ತಟ್ಟೆ ಅಣ್ಣನ ಕೈಗೆ ಕೊಟ್ಟು, ಹಂಚುವ ನೆವದಲ್ಲಿ ಅವನನ್ನೂ ಅಲ್ಲಿಗೆ ಎಳೆದು ತಂದಿದ್ದಳು.

“ಏನವಾ ಮಾರ್ಥಾ? ಹೊರಿ ಅಲ್ಲೇ ಇಳಸ್ರಿ,” ಎಂದ ಅಂದಾನೆಪ್ಪ, ಅತಿಥಿಗಳ ಕಡೆ ನೋಡಿ ನಗುತ್ತ.

“ಹೊರಿ ಇಳಸಾಕ ಬಂದೇನಿ,” ಎಂದವಳೇ ಮಾರ್ಥಾ ನೇರವಾಗಿ ಒಳಗೆ ಹೋಗಿ, ಮೊಳೆಯಿಂದ ಚಿತ್ರ ತೆಗೆದು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಗುಮಾಸ್ತ “ಏ, ಏ” ಎನ್ನುತ್ತಲೇ ಇದ್ದ. ಮೆಟ್ಟಿಲಿನ ಬುಡದಲ್ಲಿ ಒಂದು ಸಾಗುವಾನಿಯ ದಿಮ್ಮಿ ಬಿದ್ದಿತ್ತು. ಚಿತ್ರವನ್ನು ಅದರ ಮೇಲೆ ಬೋರಲು ಹಾಕಿ, ಸೊಂಟದ ಕೊಯ್ತಾ ತೆಗೆದು ಅದರ ತುದಿಯಿಂದ ಹಿಂದಿನ ಹಲಗೆ ಎಬ್ಬಿಸಿದಳು. ಗಾಜು ಜಾರಿ ಬಿದ್ದು ಫಳಾರೆಂದಿತು. ಕಾಗದ ಹೊರಬಂತು. ಅದನ್ನು ಅಂಗಾತ ಹಾಸಿ, ಗುರುತಿನ ಮೇಲ್ಗಡೆ ಕೊಯ್ತಾದ ಅಲಗು ಇಟ್ಟಳು.

ಅಂದಾನೆಪ್ಪನ ಕೈಯ ಚಹ ಧೋತರದ ಮೇಲೆ ಚೆಲ್ಲಿತು. “ಏ ಏ ಏ! ಏನ ಮಾಡ್ತೀ?”

“ತಲಿ ಕೊಯ್ತೇನ್ರಿ. ಛಾಪಾ ಇದ್ದಷ್ಟು ತುಣುಕು ನಿಮ್ಗ ಕೊಡ್ತೇನಿ. ನಿಮ್ದು ನಿಮ್ಗ. ಉಳದದ್ದು ನಂದು.”

“ಅರೆ, ಥಾಂಬಾ ಥಾಂಬಾ, ತಡಿ!” ಎಂದು ಬೆಳಗಾವಿಯ ವ್ಯಾಪಾರಿ ಕುರ್ಚಿಯಿಂದ ಎದ್ದೇಬಿಟ್ಟ. “ಸಹಿ ಕೊಯ್ದ್ರ ಏನ ಉಳೀತ್ರಿ? ಸಾವಕಾರ, ಸಹಿ ಇಲ್ಲದ್ದು ನನಗ ಬ್ಯಾಡ ನೋಡ್ರಿ!”

“ಮಾರ್ಥಾ, ಯವ್ವಾ, ಕೈ ತಗಿ!” ಅಂದಾನೆಪ್ಪ ಮೆಟ್ಟಿಲಿಳಿದು ಓಡಿ ಬಂದ. “ಅದು ಛಾಪಾ ಅಲ್ಲ, ಹುಚ್ಚವ್ವಾ! ಸಹಿ ಅದು. ಬಾಯೀ ಸಹಿ!”

ಕೊಯ್ತಾ ಇದ್ದಲ್ಲೇ ಇತ್ತು. ಮಾರ್ಥಾ ತಲೆ ಎತ್ತಿದಳು.

“ಯಾರದು?”

“ಕೊರ್ನೇಲಿಯಾ ಬಾಯೀದು! ಚಿತ್ರ ಬರದಾಕಿ ಆಕಿ, ತನ್ನ ಹೆಸರು ತಾ ಹಾಕ್ಯಾಳ.”

“ನಿಮ್ದಲ್ಲ?”

ಅಂದಾನೆಪ್ಪ ಧೋತರದ ಮೇಲಿನ ಚಹ ಒರೆಸಿಕೊಳ್ಳತೊಡಗಿದ. ಚಹದ ತಟ್ಟೆ ಹಿಡಿದೇ ಅಮೀರಸಾಬ ಮುಂದೆ ಬಂದ. ಮೆತ್ತಗಿನ ಮನುಷ್ಯ, ಆದರೆ ಸುಳ್ಳು ಹೇಳಿಸಿಕೊಂಡದ್ದು ಅವನಿಗೆ ಕಳುವಿಗಿಂತ ಹೆಚ್ಚು ನಾಟಿತ್ತು. “ಸಾವಕಾರ್ರ, ಮೊನ್ನೆ ನೀವ ಹೇಳಿದ್ರಲ್ಲ, ಛಾಪಾ ನಂದು, ನಾನ ಹೇಳಿ ಹಾಕಿಸೇನಿ ಅಂತ?”

“ನೀವು ಹಾಕಿಸಿದ್ದಾ?” ಬೆಳಗಾವಿಯವನ ಕನ್ನಡಕ ಅಂದಾನೆಪ್ಪನ ಕಡೆ ಹೊರಳಿತು. “ಅಂದ್ರ ಖೋಟಾ ಏನ್ರಿ ಈ ಸಹಿ?”

ಅಂದಾನೆಪ್ಪನ ಒಂದು ಕಡೆ ಹಂಗಾಮಿನ ಸಾಗುವಾನಿ. ಇನ್ನೊಂದು ಕಡೆ ಮಾರ್ಥಾ, ಮರಿಯಾ, ಆ ಗ್ಯಾಂಗು. ಸಹಿ ತನ್ನದೆಂದರೆ ಸಾಗುವಾನಿ ಹೋಯಿತು, ಬಾಯಿಯದೆಂದರೆ ಇವರು ಹೋದರು. ಅವನದೂ ವ್ಯಾಪಾರಿಯ ತಲೆ, ತೂಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ನಂದಲ್ಲ,” ಎಂದ.

“ಗಟ್ಟ್ಯಾಗಿ ಹೇಳ್ರಿ,” ಎಂದಳು ಮಾರ್ಥಾ. “ನಮ್ಮ ಹೆಣಮಕ್ಕಳು ದೂರ ನಿಂತಾರ.”

“ನಂದಲ್ಲ! ನಂದಲ್ಲಂತ ಹೇಳಿದ್ನಲ್ಲ! ಬಾಯೀದು, ಖಾಸ ಆಕೀ ಕೈದು!”

ಮಾರ್ಥಾ ಕೊಯ್ತಾ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಾಳೆಗೆ ಒಂದು ಗೀರೂ ಬಿದ್ದಿರಲಿಲ್ಲ. ಗುಮಾಸ್ತನಿಗೆ ಮಾತ್ರ ತಡೆಯಲಾಗಲಿಲ್ಲ. “ಹಂಗಾರ ಮಾರ್ಥಾ ಈಗ ಹಾಲೆಂಡಿನ ಬಾಯೀ ಪಾಲಿಗೆ ಬಂದ್ಲು ಅನ್ರಿ,” ಎಂದ. ನಾಲ್ಕು ಜನ ನಕ್ಕರು.

“ಹಡಗ ಹತ್ತಿ ಬಂದು ಕೇಳಾಕ ಹೇಳು,” ಎಂದಳು ಮಾರ್ಥಾ. “ಕೇಳಿದ್ರ ಆಕೀಗೂ ಇದ ಮಾತು. ಚಿತ್ರ ಬರದಾಳ, ಚಿತ್ರಕ್ಕ ಹೆಸರು ಹಾಕ್ಕೊಂಡಾಳ. ಅಷ್ಟ. ನಿನಗ ನಗಿ ಬರೂದಾದ್ರ ಇನ್ನ ಮ್ಯಾಲ ಗ್ವಾಡಿಗೆ ಬೆನ್ನು ಮಾಡಿ ಕೂಡು, ನೋಡೂಣು.”

ಈ ಸಲ ನಕ್ಕವರು ನಾಲ್ಕು ಜನರಲ್ಲ.

ಅಂದಾನೆಪ್ಪ ಬಗ್ಗಿ, ಮಗುವಿನ ಉಚ್ಚೆ ಬಟ್ಟೆ ಎತ್ತುವವನ ಹಾಗೆ ಎರಡು ಬೆರಳಲ್ಲಿ ಹಾಳೆ ಎತ್ತಿಕೊಂಡ. ಚಹದ ಕಲೆಯ ಧೋತರದಲ್ಲಿ ನಿಂತು ಹೇಳಿದ: “ಹೋಗ್ರಿ, ಹೋಗ್ರಿ. ಮಳಿ ಸುರು ಆದ ಮ್ಯಾಲ ರಸ್ತೆ ಕೆಲಸ ನಿಂದರತೈತಿ. ಆವಾಗ ನನ್ನ ಬಾಗಲಿಗೇ ಬರ್ತೀರಿ.”

“ಬಂದ್ರ ಮುಂದಿನ ಬಾಗಲಿಗೆ ಬರ್ತೇವಿ ಸಾವಕಾರ್ರ, ಕೊಟ್ಟಿಗಿ ಬಾಗಲಿಗಲ್ಲ.”

ಲಾರಿಗೆ ಗಡಿಗೆ ಮಡಿಕೆ, ಚಾಪೆ, ಕೋಳಿಬುಟ್ಟಿ, ಮಕ್ಕಳು, ಹೆಂಗಸರು, ಇದೇ ಕ್ರಮದಲ್ಲಿ ಏರಿದರು. ಸಕೀನಾ ಸೆರಗಿನಲ್ಲಿ ಕಣ್ಣೊರೆಸುತ್ತ, ಬೈಯುತ್ತ ನಿಂತಿದ್ದಳು. “ಚಿತ್ರ ಯಾಕ ಬಿಟ್ಟಿ? ಬಾಯಿ ನಿನಗೂ ಒಂದು ಕಳಸ್ತೇನಿ ಅಂದಿದ್ಳು. ಕೈಯಾಗ ಕೊಯ್ತಾ ಇತ್ತು, ಎಲ್ಲಾರೂ ಹೆದರಿದ್ರು, ಕಸಗೊಂಡು ಬರಬೇಕಿಲ್ಲ? ನಿನ್ನ ಮೋರೆ ಅದು!”

“ಮೋರೆ ನನ್ನ ಹತ್ರನ ಐತಲ್ಲ,” ಎಂದಳು ಮಾರ್ಥಾ.

ಜಾನು ದಿಮ್ಮಿಗಳ ನಡುವಿನಿಂದ ಬಂದ. ಕೈಯಲ್ಲಿ ಸುತ್ತಿಗೆ ಇತ್ತು. ಏರುತ್ತಾನೇನೋ ಎಂದು ಹೆಂಗಸರು ಜಾಗ ಮಾಡಿದರು. ಅವನು ಲಾರಿಯ ಹಲಗೆ ಹಿಡಿದು ನಿಂತ. ಮರಿಯಾಳ ಕಾಲು ಮುಟ್ಟಿದ.

“ಹಂಗಾಮ ಮುಗಿಸಿ ಬರ್ತೇನಿ,” ಎಂದ, ಮಾರ್ಥಾಳ ಕಡೆ ನೋಡದೆ. “ಕೆಲಸ ನಡಬರಕ ಬಿಟ್ರ ಸರಿ ಅನ್ಸೂದಿಲ್ಲ.”

ಮಾರ್ಥಾಳಿಗೆ ಬೈಯುವಷ್ಟು ಸಿಟ್ಟು ಬಂತು, ಅಳುವಷ್ಟೂ ಬಂತು. ಎರಡನ್ನೂ ನುಂಗಿದಳು. “ಬರೂದಾದ್ರ ಸುತಗಿ ಅಲ್ಲೇ ಬಿಟ್ಟು ಬಾ. ಬರ್ದಿದ್ರ, ನಾವು ಸೂಪಾದಾಗ ಇರ್ತೇವಿ. ಎಲ್ಲೀಂತ ಕೇಳಿದ್ರ ಯಾರರೆ ಹೇಳ್ತಾರ.”

ಲಾರಿ ಕೆಮ್ಮಿ ಕೆಮ್ಮಿ ಹೊರಟಿತು. ಜಾನು ಅಲ್ಲೇ ಸಣ್ಣವನಾಗುತ್ತ ಹೋದ. ಕುಳಗಿ ದಾಟಿತು, ಬಂಗಲೆ ದಾಟಿತು, ಹೊಳೆದಂಡೆಯ ಬಂಡೆಗಳು ದಾಟಿದವು. ಹೆಂಗಸರಲ್ಲಿ ಒಬ್ಬಳು ಹಾಡು ತೆಗೆದು, ಅರ್ಧಕ್ಕೆ ಮರೆತು, ಬೈಸಿಕೊಂಡಳು. ಕೋಳಿಯೊಂದು ಬುಟ್ಟಿಯಿಂದ ತಲೆ ಹೊರಗೆ ಹಾಕಿ ಕಾಡು ನೋಡುತ್ತಿತ್ತು. ಮಾರ್ಥಾ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವಳ ನೆತ್ತಿಯ ಮೇಲೆ ಏನೂ ಇರಲಿಲ್ಲ, ಕುತ್ತಿಗೆಗೆ ಅದು ತಿಳಿಯದೆ ಇನ್ನೂ ಬಿಗಿಯಾಗಿಯೇ ನಿಂತಿತ್ತು.

ಹೊತ್ತು ಇಳಿಯುವ ಹೊತ್ತಿಗೆ ಕಾಡಿನ ನಾಕಾ ಬಂತು. ಹಾದಿಗೆ ಅಡ್ಡ ಬಿದಿರಿನ ಗೇಟು. ಆ ಹಾದಿಯಲ್ಲಿ ಬರುವುದೆಲ್ಲ ಕಟ್ಟಿಗೆ ಇಲ್ಲವೆ ಇದ್ದಿಲು. ಕಾವಲಿನವನು ಮುಖ ಎತ್ತದೆ, ಬೀಡಿ ತೆಗೆಯದೆ, ದಿನಾ ಕೇಳುವುದನ್ನೇ ಕೇಳಿದ.

“ಯಾರ ಮಾಲು?”

ಅಮೀರಸಾಬ ಮುಂದಿನ ಸೀಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಮಾರ್ಥಾ ಲಾರಿಯ ಮೇಲೆ ಎದ್ದು ನಿಂತಿದ್ದಳು.

“ಮಾಲಲ್ಲೋ, ಮಂದಿ!” ಎಂದು ಕೂಗಿದಳು. “ಗೇಟ್ ತಗಿ.”